ಗೃಹಾರೋಗ್ಯ: ಮುಪ್ಪಿನ ಕಾಲು ಮತ್ತು ರಕ್ತದ ಹೆಪ್ಪು

ಎಪ್ಪತ್ತು ವರ್ಷ ದಾಟಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕುಳಿತ ಸ್ಥಳದಿಂದ ಏಳಗೊಡದಿರುವುದೇ ದೊಡ್ಡ ಸೇವೆಯೆಂದು ನಮ್ಮಲ್ಲಿ ಅನೇಕರು ಭಾವಿಸಿರುವೆವು. ನೀರು ಬೇಕೆಂದರೆ ಸೊಸೆ ತಂದು ಕೊಡುವಳು. ಕನ್ನಡಕವೆಲ್ಲಿ ಎಂದರೆ ಮೊಮ್ಮಗನು ಓಡಿಹೋಗಿ ತರುವನು. ಊಟದ ತಟ್ಟೆಯೂ ಕುರ್ಚಿಯ ಬಳಿಗೇ ಬರುವುದು. ನೆರೆಹೊರೆಯವರು ಇದನ್ನು ಕಂಡು, "ಪುಣ್ಯವಂತರು, ಮಕ್ಕಳು ಕೂರಿಸಿ ಸಾಕುತ್ತಿದ್ದಾರೆ" ಎಂದು ಕೊಂಡಾಡುವರು. ಈ ನಡತೆಯ ಮೂಲದಲ್ಲಿರುವ ಪ್ರೀತಿಯನ್ನೂ ಗೌರವವನ್ನೂ ನಾವು ಅಲ್ಲಗಳೆಯುವವರಲ್ಲ. ಆದರೆ ಆ ಪ್ರೀತಿಯೇ ಹಿರಿಯರ ಕಾಲಿನ ರಕ್ತನಾಳಗಳಿಗೆ ಹೇಗೆ ಕೇಡನ್ನುಂಟುಮಾಡಬಹುದೆಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವೆವು. ಇದು ಪುಸ್ತಕದಿಂದ ಮಾತ್ರ ಕಲಿತ ಪಾಠವಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಕಲಿಸಿದ ಪಾಠ.

ನಮ್ಮ ದೊಡ್ಡಮ್ಮನವರಿಗೆ ಆಗ 74 ವರ್ಷ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮೂಳೆ ಮುರಿದಿಲ್ಲವೆಂದು ಪರೀಕ್ಷಿಸಿ ತಿಳಿದ ವೈದ್ಯರು, ನೋವು ತುಸು ತಗ್ಗಿದೊಡನೆಯೇ ನಡೆದಾಡಲಿ ಎಂದು ಹೇಳಿ ಕಳುಹಿಸಿದರು. ನೋವೆಂಬ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ನಡೆದಾಡಲಿ ಎಂಬ ಮಾತು ನಿಲ್ಲಲಿಲ್ಲ. ಹಗಲೆಲ್ಲ ಆರಾಮಕುರ್ಚಿ, ರಾತ್ರಿಯೆಲ್ಲ ಹಾಸಿಗೆ, ಹೀಗೆ ಹತ್ತು ದಿನ ಅವರನ್ನು ಅಲುಗಾಡಗೊಡದೆ ನೋಡಿಕೊಂಡೆವು. ಹತ್ತನೆಯ ದಿನ ಅವರ ಎಡಗಾಲು ಊದಿಕೊಂಡಿತು. ವಾಯುವೆಂದು ಒಬ್ಬರೆಂದರು, ಈ ವಯಸ್ಸಿನಲ್ಲಿ ಕಾಲು ಊದುವುದು ಸಹಜವೆಂದು ಮತ್ತೊಬ್ಬರೆಂದರು. ಎಣ್ಣೆ ಕಾಯಿಸಿ ನೀವುತ್ತ, ಬಿಸಿನೀರಿನ ಶಾಖ ಕೊಡುತ್ತ ಮೂರು ದಿನಗಳನ್ನು ಕಳೆದೆವು.

ನಾಲ್ಕನೆಯ ದಿನ, ದಾದಿಯ ಕೆಲಸದಲ್ಲಿರುವ ನಮ್ಮ ಅಣ್ಣನ ಮಗಳು ನೋಡಲು ಬಂದಳು. ಅವಳು ಕಾಲನ್ನು ಒತ್ತಲಿಲ್ಲ; ಹೊಲಿಗೆಯ ಪೆಟ್ಟಿಗೆಯಲ್ಲಿದ್ದ ಟೇಪನ್ನು ತೆಗೆದುಕೊಂಡು ಎರಡು ಕಾಲುಗಳ ಮೀನಖಂಡಗಳನ್ನೂ ಅಳೆದಳು. ಬಲಗಾಲಿಗಿಂತ ಎಡಗಾಲು ನಾಲ್ಕು ಸೆಂಟಿಮೀಟರು ದಪ್ಪವಾಗಿದ್ದಿತು. "ಅಜ್ಜಿ, ಎಣ್ಣೆ ಸಾಕು. ಇನ್ನು ಯಾರಿಂದಲೂ ಕಾಲು ಒತ್ತಿಸಿಕೊಳ್ಳಬೇಡಿ. ಈಗಲೇ ಆಸ್ಪತ್ರೆಗೆ ಹೋಗೋಣ, ಏಳಿ" ಎಂದಳು. ಅಂದು ಸಂಜೆಯೊಳಗೆ ನಿಜಸ್ಥಿತಿ ತಿಳಿಯಿತು. ಮೀನಖಂಡದಿಂದ ತೊಡೆಯವರೆಗೆ ಒಳಗಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿ ನಿಂತಿದ್ದಿತು. ಅದರ ಒಂದು ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಏನಾಗುತ್ತಿದ್ದಿತೆಂಬುದನ್ನು ವೈದ್ಯರು ಮೆಲ್ಲನೆ ವಿವರಿಸಿದಾಗ, ಮೂರು ದಿನ ಆ ಕಾಲನ್ನು ನೀವಿದ ನಮ್ಮ ಕೈಗಳು ನಡುಗಿದುವು.

ಇದೇಕೆ ಹೀಗಾಗುವುದೆಂಬುದನ್ನು ಈಗ ನೋಡುವ. ಕೈಕಾಲುಗಳ ಮೇಲೆ ನೀಲಿಯಾಗಿ ಕಾಣುವುದನ್ನೆಲ್ಲ ನರವೆಂದು ಕರೆಯುವುದು ನಮ್ಮ ಆಡುಮಾತಿನ ರೂಢಿ. ನರ ಉಬ್ಬಿದೆಯೆಂದು ಹೇಳಿ, ನರದೌರ್ಬಲ್ಯದ ಔಷಧವನ್ನು ಕೊಂಡು ಕುಡಿಯುವವರೂ ಉಂಟು. ನಿಜವಾಗಿ ಅವು ನರಗಳಲ್ಲ, ರಕ್ತನಾಳಗಳು. ಹೃದಯದಿಂದ ರಕ್ತವನ್ನು ಅಂಗಾಂಗಗಳಿಗೆ ಒಯ್ಯುವ ನಾಳಗಳು ಧಮನಿಗಳು. ಅಂಗಾಂಗಗಳಿಂದ ಅದನ್ನು ಹೃದಯಕ್ಕೆ ಹಿಂದಿರುಗಿಸುವ ನಾಳಗಳು ಸಿರೆಗಳು. ಧಮನಿಯ ರಕ್ತಕ್ಕೆ ಹೃದಯದ ಒತ್ತಡದ ಬಲವುಂಟು. ಸಿರೆಗಳಲ್ಲಿ ಆ ಬಲವು ಬಹುಮಟ್ಟಿಗೆ ಉಡುಗಿಹೋಗಿರುವುದು. ಆದರೂ ಹಿಮ್ಮಡಿಯ ಬಳಿಯಿರುವ ರಕ್ತವು ಆಳೆತ್ತರವನ್ನು ಹತ್ತಿ ಎದೆಯನ್ನು ಸೇರಬೇಕು.

ಹಾಗೆ ಹತ್ತಿಸುವ ಏರ್ಪಾಡು ಎರಡು ಬಗೆಯದು. ಮೊದಲನೆಯದು ಸಿರೆಗಳೊಳಗಿನ ಪುಟ್ಟ ಕವಾಟಗಳು. ಇಟಲಿಯ ಪಾದುವಾ ನಗರದ ಫ್ಯಾಬ್ರಿಸಿಯಸ್ ಎಂಬ ಪಂಡಿತನು 1603ರಲ್ಲಿ ಇವುಗಳನ್ನು ಚಿತ್ರಸಹಿತವಾಗಿ ವರ್ಣಿಸಿದನು. ರಕ್ತವು ರಭಸದಿಂದ ಪಾದಗಳಿಗೆ ಇಳಿಯದಂತೆ ಇವು ತಡೆಯುವುವೆಂದು ಅವನೆಣಿಸಿದನು. ಅವನ ಬಳಿ ಕಲಿತ ಇಂಗ್ಲೆಂಡಿನ ವಿಲಿಯಂ ಹಾರ್ವೆಯು, ಈ ಕವಾಟಗಳು ಹೃದಯದ ಕಡೆಗೆ ಮಾತ್ರ ತೆರೆಯುವುವೆಂಬುದನ್ನು ಗಮನಿಸಿ, ರಕ್ತವು ಶರೀರದಲ್ಲಿ ಸುತ್ತಿಬರುವುದೆಂಬ ಮಹಾತತ್ತ್ವವನ್ನು 1628ರಲ್ಲಿ ಪ್ರಕಟಿಸಿದನು. ಎರಡನೆಯ ಏರ್ಪಾಡು ಮೀನಖಂಡದ ಮಾಂಸಖಂಡ. ಹೆಜ್ಜೆಯಿಟ್ಟಾಗಲೆಲ್ಲ ಅದು ಬಿಗಿದು, ಒಳಗಿನ ಸಿರೆಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ತಳ್ಳುವುದು. ತಳ್ಳಿದ ರಕ್ತವು ಕೆಳಗೆ ಜಾರದಂತೆ ಕವಾಟವು ಮುಚ್ಚಿಕೊಳ್ಳುವುದು. ಕಾಲು ಆಡಿದರೆ ಈ ಯಂತ್ರವೂ ಆಡುವುದು. ಕಾಲು ನಿಂತರೆ ಇದೂ ನಿಲ್ಲುವುದು.

ವಯಸ್ಸಾದಂತೆ ಈ ಎರಡು ಏರ್ಪಾಡುಗಳೂ ಸೊರಗುವುವು. ಮೀನಖಂಡವು ಬಡವಾಗುವುದು, ಕವಾಟಗಳು ಮೃದುತ್ವವನ್ನು ಕಳೆದುಕೊಂಡು ಸರಿಯಾಗಿ ಮುಚ್ಚದಾಗುವುವು, ಸಿರೆಯ ಗೋಡೆಯೂ ಮೊದಲಿನಂತಿರದು. ಇವುಗಳ ಜೊತೆಗೆ, ಗಾಯವಾದಾಗ ರಕ್ತವು ಗಟ್ಟಿಯಾಗಲು ಬೇಕಾದ ದ್ರವ್ಯಗಳಲ್ಲಿ ಕೆಲವು ಮುಪ್ಪಿನಲ್ಲಿ ರಕ್ತದಲ್ಲಿ ಹೆಚ್ಚುವುವು. ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ವೈದ್ಯಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವ ಹೆಪ್ಪು ಅಲ್ಲಿ ಹುಟ್ಟಿದುದಲ್ಲ, ದೂರದ ಸಿರೆಗಳಿಂದ ಕಳಚಿ ಬಂದುದು ಎಂದು ತೋರಿಸಿಕೊಟ್ಟನು. ರಕ್ತದ ಓಟ ಮಂದವಾಗುವುದು, ನಾಳದ ಗೋಡೆ ಕೆಡುವುದು, ರಕ್ತದ ಗುಣ ಮಾರ್ಪಡುವುದು ಎಂಬ ಮೂರು ಕಾರಣಗಳನ್ನು ಇಂದಿಗೂ ಅವನ ಹೆಸರಿನಿಂದಲೇ ವೈದ್ಯರು ಕರೆಯುವರು. ಅವನು ಹುಟ್ಟಿದ ಅಕ್ಟೋಬರ್ 13ನೆಯ ದಿನವನ್ನು 2014ರಿಂದ ಈ ರೋಗದ ತಿಳಿವಳಿಕೆಗಾಗಿ ಲೋಕದಾದ್ಯಂತ ಆಚರಿಸುತ್ತಿರುವರು.

ನಮ್ಮ ಗೃಹಿಣಿಯರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸಬಾರದೆಂಬುದು ಪ್ರತಿಯೊಂದು ಅಡಿಗೆಮನೆಯ ನಿಯಮ. ನಿಶ್ಚಲವಾಗಿದ್ದರೆ ತಾನೇ ಮೊಸರು ಗಟ್ಟಿಯಾಗುವುದು? ಮೊಸರಿಗೆ ನಾವು ಬಯಸುವ ಆ ನಿಶ್ಚಲತೆಯೇ ಮುಪ್ಪಿನ ಕಾಲಿನ ರಕ್ತಕ್ಕೆ ಶತ್ರು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ, ನಲವತ್ತು ವರ್ಷದೊಳಗಿನವರಲ್ಲಿ ವರ್ಷಕ್ಕೆ ಸುಮಾರು 10,000 ಜನರಿಗೆ ಒಬ್ಬರಲ್ಲಿ ಕಾಣುವ ಈ ಹೆಪ್ಪು, ಎಂಬತ್ತು ದಾಟಿದವರಲ್ಲಿ ಸುಮಾರು 100 ಜನರಿಗೆ ಒಬ್ಬರವರೆಗೆ ಏರುವುದು.

ಕುಳಿತಿರುವುದರಿಂದಲೇ ಸಾವು ಬರಬಹುದೇ ಎಂದು ಸಂಶಯಪಡುವವರಿಗೆ ಲಂಡನ್ ನಗರದ ಒಂದು ಪ್ರಸಂಗವನ್ನು ಹೇಳುವೆವು. 1940ನೆಯ ಸೆಪ್ಟೆಂಬರಿನಲ್ಲಿ ಜರ್ಮನಿಯ ವಿಮಾನಗಳು ಆ ನಗರದ ಮೇಲೆ ರಾತ್ರಿ ರಾತ್ರಿಯೂ ಬಾಂಬುಗಳನ್ನು ಸುರಿಸತೊಡಗಿದುವು. ಜನರು ನೆಲಮಾಳಿಗೆಗಳಲ್ಲಿಯೂ ಇತರ ರಕ್ಷಣಾಗೃಹಗಳಲ್ಲಿಯೂ ಆಶ್ರಯ ಪಡೆದರು. ಮಲಗಲು ಎಡೆಯಿಲ್ಲದೆ, ಮಡಿಸುವ ಬಟ್ಟೆಯ ಕುರ್ಚಿಗಳಲ್ಲಿ ಕುಳಿತೇ ಬೆಳಗು ಮಾಡುವುದು ಅನೇಕರ ಪಾಡಾಯಿತು. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯ ಕೆಳಭಾಗವನ್ನು ಒತ್ತುತ್ತಿದ್ದಿತು. ಕಾಲುಗಳು ಗಂಟೆಗಟ್ಟಲೆ ಜೋಲುಬಿದ್ದಿರುತ್ತಿದ್ದುವು. ಬಾಂಬಿನಿಂದ ಪಾರಾದ ಕೆಲವರು, ಅದರಲ್ಲಿಯೂ ವಯಸ್ಸಾದವರು, ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕುಸಿದು ಸತ್ತರು. ಕೀತ್ ಸಿಂಪ್ಸನ್ ಎಂಬ ವೈದ್ಯನು ಶವಪರೀಕ್ಷೆಗಳಿಂದ ಇದರ ಕಾರಣವನ್ನು ಕಂಡುಹಿಡಿದನು. ಕಾಲಿನ ಸಿರೆಗಳಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶದ ನಾಳವನ್ನು ಮುಚ್ಚಿದ್ದಿತು. ಹಿಂದಿನ ವರ್ಷದ ಅದೇ ಕಾಲಕ್ಕೆ ಹೋಲಿಸಿದರೆ ಇಂತಹ ಮರಣಗಳು ಆರು ಪಟ್ಟಾಗಿದ್ದುವೆಂದು ಅವನು 1940ನೆಯ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು, ಕುರ್ಚಿಗಳ ಬದಲು ಮಲಗುವ ಮಂಚಗಳನ್ನು ಒದಗಿಸಬೇಕೆಂದು ಸೂಚಿಸಿದನು.

ಲಂಡನ್ನಿನ ಆ ಬಟ್ಟೆಯ ಕುರ್ಚಿಗೂ ನಮ್ಮ ಜಗಲಿಯ ಆರಾಮಕುರ್ಚಿಗೂ ಹೆಚ್ಚಿನ ಭೇದವೇನಿದೆ? ಅಲ್ಲಿ ಬಾಂಬಿನ ಭಯ ಜನರನ್ನು ಕೂರಿಸಿತು. ಇಲ್ಲಿ ಮಕ್ಕಳ ಪ್ರೀತಿ ಕೂರಿಸುವುದು. ಸಿರೆಯೊಳಗಿನ ರಕ್ತಕ್ಕೆ ಈ ವ್ಯತ್ಯಾಸ ತಿಳಿಯದು. ಹಾಸಿಗೆಯೂ ಇದಕ್ಕೆ ಹೊರತಲ್ಲ. ರೋಗಿಯನ್ನು ವಾರಗಟ್ಟಲೆ ಮಲಗಿಸುವುದೇ ಚಿಕಿತ್ಸೆಯೆಂದು ವೈದ್ಯರೂ ನಂಬಿದ್ದ ಕಾಲದಲ್ಲಿ, ರಿಚರ್ಡ್ ಆಶರ್ ಎಂಬ ಆಂಗ್ಲ ವೈದ್ಯನು ಹಾಸಿಗೆ ಹಿಡಿಯುವುದರಿಂದಾಗುವ ಅಪಾಯಗಳನ್ನು ಕುರಿತೇ 1947ರಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಬರೆದನು. ಈಗ ಶಸ್ತ್ರಚಿಕಿತ್ಸೆಯಾದ ಮರುದಿನವೇ, ಕೆಲವೊಮ್ಮೆ ಅದೇ ದಿನವೇ, ಎಬ್ಬಿಸಿ ನಡೆಸುವುದು ವಾಡಿಕೆಯಾಗಿದೆ. ಇದನ್ನು ಕಂಡು, ಮುದುಕರೆಂಬ ಕನಿಕರವಿಲ್ಲವೆಂದು ದಾದಿಯರನ್ನು ಬಯ್ಯುವ ಬಂಧುಗಳನ್ನು ನಾವು ನೋಡಿರುವೆವು. ಆ ದಾದಿಯರು ನಡೆಸುತ್ತಿರುವುದು ಕನಿಕರದಿಂದಲೇ.

ಇನ್ನು ಲಕ್ಷಣಗಳು. ಎರಡು ಕಾಲುಗಳೂ ಸಮನಾಗಿ ಊದಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ದೋಷವೋ, ರಕ್ತದೊತ್ತಡಕ್ಕಾಗಿ ಸೇವಿಸುವ ಕೆಲವು ಮಾತ್ರೆಗಳೋ ಕಾರಣವಾಗಿರಬಹುದು. ಅದನ್ನೂ ವೈದ್ಯರಿಗೆ ತೋರಿಸತಕ್ಕದ್ದೇ. ಆದರೆ ಒಂದೇ ಕಾಲು ಕೆಲವು ದಿನಗಳಲ್ಲಿ ಹೊಸದಾಗಿ ಊದಿ, ಮೀನಖಂಡದಲ್ಲಿ ನೋವೋ ಬಿಗಿತವೋ ಕಂಡು, ಮುಟ್ಟಿದರೆ ಬೆಚ್ಚಗಿದ್ದು, ಚರ್ಮವು ಕೆಂಪಾಗಿಯೋ ಕಪ್ಪಿಟ್ಟಂತೆಯೋ ತೋರಿದರೆ ಹೆಪ್ಪಿನ ಶಂಕೆಯನ್ನು ಮೊದಲು ಮಾಡಬೇಕು. ಮಂಡಿಯ ಚಿಪ್ಪಿನ ಕೆಳಗೆ ಮುಂಗಾಲಿನ ಮೂಳೆಯಲ್ಲಿ ಒಂದು ಗುಬುಟು ಕೈಗೆ ಸಿಕ್ಕುವುದು. ಅಲ್ಲಿಂದ 10 ಸೆಂಟಿಮೀಟರು ಕೆಳಗೆ ಎರಡು ಕಾಲುಗಳ ಸುತ್ತಳತೆಯನ್ನೂ ತೆಗೆದುಕೊಳ್ಳಿರಿ. ವ್ಯತ್ಯಾಸವು 3 ಸೆಂಟಿಮೀಟರನ್ನು ಮೀರಿದ್ದರೆ ಶಂಕೆ ಬಲವಾಗುವುದು. ಅಳತೆ ಕಡಿಮೆಯಿದ್ದ ಮಾತ್ರಕ್ಕೆ ಹೆಪ್ಪಿಲ್ಲವೆಂದು ನಿಶ್ಚಯಿಸಬಾರದು, ನಿಶ್ಚಯಿಸತಕ್ಕವರು ವೈದ್ಯರು. ಡಾಪ್ಲರ್ ಎಂಬ, ಶಬ್ದತರಂಗಗಳ ಪರೀಕ್ಷೆಯಿಂದ ನೋವಿಲ್ಲದೆ ಇದನ್ನು ನೋಡಬಹುದು. ಅಲ್ಲಿಯವರೆಗೆ ಆ ಕಾಲಿಗೆ ನೀವುವುದು, ಒತ್ತುವುದು ಕೂಡದು. ಹೆಪ್ಪು ಕಳಚುವ ಭಯವುಂಟು.

ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ತಲುಪಿದರೆ ಇದ್ದಕ್ಕಿದ್ದಂತೆ ಏದುಸಿರು ಬರುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಕೆಮ್ಮಿನಲ್ಲಿ ರಕ್ತ ಕಾಣಬಹುದು, ತಲೆಸುತ್ತಿ ಬೀಳಲೂಬಹುದು. ಕಾಲಿನಲ್ಲಿ ಯಾವ ಗುರುತೂ ಇಲ್ಲದೆಯೇ ಇವು ಬರುವುದುಂಟು. ಆಗ ಗ್ಯಾಸು ಎಂದು ಜೀರಿಗೆಯ ಕಷಾಯ ಕಾಯಿಸುತ್ತ ಕಾಲ ಕಳೆಯದೆ, 108ಕ್ಕೆ ದೂರವಾಣಿ ಮಾಡಿ ಆಂಬುಲೆನ್ಸನ್ನು ಕರೆಸಬೇಕು.

ಮೇಲ್ಮೈಯಲ್ಲಿ ಗಂಟುಗಂಟಾಗಿ ಸುರುಳಿಸುತ್ತಿದ ಉಬ್ಬುಸಿರೆಗಳನ್ನು ಕಂಡು ಅನೇಕರು ಗಾಬರಿಗೊಳ್ಳುವರು. ವೈದ್ಯರು ವೆರಿಕೋಸ್ ವೇನ್ ಎನ್ನುವುದು ಇವುಗಳನ್ನೇ. ಕವಾಟಗಳು ಸೋತುದರ ಗುರುತು ಇದು. ಒಳಗಿನ ಸಿರೆಯ ಹೆಪ್ಪಿನಷ್ಟು ಭಯಂಕರವಲ್ಲದಿದ್ದರೂ ಇದನ್ನು ಅಲಕ್ಷಿಸಬಾರದು. ಬಹುಕಾಲ ಬಿಟ್ಟರೆ ಕಾಲಿನ ಗಿಣ್ಣಿನ ಒಳಮಗ್ಗುಲಿನ ಚರ್ಮವು ಕಂದಾಗಿ, ತುರಿಸಿ, ಮಾಯದ ಹುಣ್ಣಾಗುವುದು. ಉಬ್ಬುಸಿರೆ ಒಡೆದು ರಕ್ತ ಸುರಿದರೆ ರೋಗಿಯನ್ನು ಕೂಡಲೆ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುಭ್ರವಾದ ಬಟ್ಟೆಯಿಂದ ಆ ಸ್ಥಳವನ್ನು ಒತ್ತಿ ಹಿಡಿದು, ಬಳಿಕ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕುರ್ಚಿಯಲ್ಲಿ ಕೂರಿಸಿದರೆ ರಕ್ತಸ್ರಾವ ಹೆಚ್ಚುವುದು. ಬಿಗಿಯಾದ ಕಾಲುಚೀಲಗಳು ಈ ರೋಗಕ್ಕೆ ಹಿತವೆಂಬುದು ನಿಜ. ಆದರೆ ಧಮನಿಗಳೂ ಕೆಟ್ಟು ಪಾದಕ್ಕೆ ರಕ್ತವೇ ಸಾಲದಿರುವವರಿಗೆ ಅವು ಕೇಡನ್ನು ಮಾಡುವುವು. ಆದುದರಿಂದ ವೈದ್ಯರ ಅಪ್ಪಣೆಯಿಲ್ಲದೆ ಅಂಗಡಿಯಿಂದ ತಂದು ತೊಡಿಸಬಾರದು.

ಹೆಪ್ಪಿಗೆ ಚಿಕಿತ್ಸೆಯುಂಟೆಂಬುದು ಸಮಾಧಾನದ ಸಂಗತಿ. 1920ರ ಸುಮಾರಿಗೆ ಅಮೆರಿಕ ಖಂಡದ ಉತ್ತರಭಾಗದ ಬಯಲುಗಳಲ್ಲಿ, ಬೂಷ್ಟು ಹಿಡಿದ ಒಂದು ಜಾತಿಯ ಮೇವನ್ನು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದುವು. ವಿಸ್ಕಾನ್ಸಿನ್ ಪ್ರಾಂತದ ರಸಾಯನಶಾಸ್ತ್ರಜ್ಞನಾದ ಕಾರ್ಲ್ ಪಾಲ್ ಲಿಂಕ್ ಎಂಬವನ ಕಡೆಯವರು ಆ ಮೇವಿನಿಂದ ಅದರ ಕಾರಣದ್ರವ್ಯವನ್ನು ಬೇರ್ಪಡಿಸಿದರು. ಅದರ ಸಂತತಿಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಇಂತಹ ಔಷಧಗಳ ಬೆಲೆ ಎಷ್ಟೆಂಬುದು 1960ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪರೀಕ್ಷೆಯಿಂದ ಗೊತ್ತಾಯಿತು. ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಶ್ವಾಸಕೋಶಕ್ಕೆ ಹೆಪ್ಪು ತಗುಲಿದ 35 ರೋಗಿಗಳನ್ನು ನೋಡಿದರು. ಔಷಧವಿಲ್ಲದ 19 ಜನರಲ್ಲಿ 5 ಜನರು ಅದೇ ರೋಗದಿಂದ ಸತ್ತರು. ಮತ್ತೆ 5 ಜನರಿಗೆ ಅದು ಮರುಕಳಿಸಿತು. ಔಷಧ ಪಡೆದ 16 ಜನರಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಈಚಿನ ವರ್ಷಗಳಲ್ಲಿ ಪದೇ ಪದೇ ರಕ್ತಪರೀಕ್ಷೆ ಬೇಡದ ಬೇರೆ ಮಾತ್ರೆಗಳೂ ಬಂದಿರುವುವು. ಸಾಮಾನ್ಯವಾಗಿ ಮೂರು ತಿಂಗಳಾದರೂ ಇವನ್ನು ಸೇವಿಸಬೇಕಾಗುವುದು.

ಈ ಔಷಧಗಳಿಗೆ ಮನೆಯವರ ಎಚ್ಚರವೂ ಬೇಕು. ಕಾಲಿನ ಊತ ಇಳಿಯಿತೆಂದು ನಡುವೆ ನಿಲ್ಲಿಸಬಾರದು; ಒಂದು ದಿನ ಮರೆತರೆ ಮರುದಿನ ಎರಡನ್ನು ನುಂಗಿಸಲೂಬಾರದು. ಮಂಡಿನೋವಿಗೆಂದು ಅಂಗಡಿಯ ನೋವಿನ ಮಾತ್ರೆಗಳನ್ನು ಕೊಡಬಾರದು. ನಾಟಿ ಔಷಧವನ್ನು ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಬಿಡಬೇಕಾಗಿಲ್ಲ. ಒಂದು ವಾರ ಏನೂ ಇಲ್ಲದೆ, ಮರುವಾರ ದಿನವೂ ನುಗ್ಗೆಸೊಪ್ಪು, ಪಾಲಕ್ ಎಂಬಂತಾಗದೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುತ್ತಿದ್ದರೆ ಸರಿ. ಮಲವು ಡಾಂಬರಿನಂತೆ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ, ಮೇಲೆ ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರೋಗ ಬಾರದಂತೆ ಮಾಡುವ ಕೆಲಸಕ್ಕೆ ಹಣ ಬೇಕಾಗಿಲ್ಲ. ಹಿರಿಯರು ಎಚ್ಚರವಾಗಿರುವ ಪ್ರತಿಯೊಂದು ಗಂಟೆಗೊಮ್ಮೆ ಎದ್ದು, ಬೇಕಿದ್ದರೆ ಕೋಲನ್ನೋ ಮೊಮ್ಮಗನ ಕೈಯನ್ನೋ ಹಿಡಿದು, ಮನೆಯೊಳಗೇ ಒಂದು ಸುತ್ತು ಬರಲಿ. ಏಳಲಾರದವರು ಕುಳಿತಲ್ಲಿಯೇ ಬೆರಳುಗಳನ್ನೂರಿ ಹಿಮ್ಮಡಿಯನ್ನೆತ್ತಲಿ. ಬಳಿಕ ಹಿಮ್ಮಡಿಯನ್ನೂರಿ ಬೆರಳುಗಳನ್ನೆತ್ತಲಿ. ಹೀಗೆ ಇಪ್ಪತ್ತು ಬಾರಿ. ರಾತ್ರಿ ಏಳಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಡುವ ಹಿರಿಯರು ಹಗಲಿನಲ್ಲಿಯಾದರೂ ಸಾಕಷ್ಟು ಕುಡಿಯಲಿ. ಹೃದಯ, ಮೂತ್ರಪಿಂಡಗಳ ರೋಗಿಗಳು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿರಲಿ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟವರೂ, ರಾತ್ರಿಯ ಬಸ್ಸಿನಲ್ಲಿ ಯಾತ್ರೆ ಹೊರಟವರೂ ನೆನಪಿಡಬೇಕಾದುದೇನೆಂದರೆ, ನಾಲ್ಕು ಗಂಟೆ ಮೀರಿದ ಪ್ರಯಾಣವು ಈ ಅಪಾಯವನ್ನು ಸುಮಾರು ಇಮ್ಮಡಿ ಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿದೆ. ಆರೋಗ್ಯವಂತರಿಗೆ ಅಪಾಯವು ಒಟ್ಟಿನಲ್ಲಿ ಚಿಕ್ಕದೇ. ಹಿಂದೆ ಹೆಪ್ಪು ಕಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಅರ್ಬುದರೋಗಿಗಳು ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದಾಗ, ವಿಶೇಷವಾಗಿ ಸೊಂಟದ ಮೂಳೆ ಮುರಿದಾಗ, ರಕ್ತ ಹೆಪ್ಪುಗಟ್ಟದಂತೆ ಏನು ಏರ್ಪಾಡು ಮಾಡಿರುವಿರಿ, ಎಂದಿನಿಂದ ನಡೆಸುವಿರಿ ಎಂಬ ಎರಡು ಪ್ರಶ್ನೆಗಳನ್ನು ವಿನಯದಿಂದ ಕೇಳಲು ಮಕ್ಕಳು ಸಂಕೋಚಪಡಬೇಕಾಗಿಲ್ಲ.

ನಮ್ಮ ದೊಡ್ಡಮ್ಮನವರು ಮಾತ್ರೆಗಳನ್ನು ಕ್ರಮವಾಗಿ ಸೇವಿಸಿ ಚೇತರಿಸಿಕೊಂಡರು. ಆ ಕಾಲು ಸಂಜೆಯ ಹೊತ್ತಿಗೆ ಇಂದಿಗೂ ತುಸು ಭಾರವಾಗುವುದು. ತಡಮಾಡಿದುದಕ್ಕೆ ಅಷ್ಟು ತೆರವನ್ನು ಅವರು ತೆರಬೇಕಾಯಿತು. ಈಗ ಹೂ ಬಿಡಿಸುವ ಕೆಲಸವೂ, ತುಳಸಿಗೆ ನೀರೆರೆಯುವ ಕೆಲಸವೂ, ಅಂಚೆಯವನಿಂದ ಕಾಗದ ತೆಗೆದುಕೊಳ್ಳುವ ಕೆಲಸವೂ ಅವರದೇ. ಮೊದಮೊದಲು, "ಮುದುಕಿಯ ಕೈಲಿ ಕೆಲಸ ಮಾಡಿಸುತ್ತೀರಾ?" ಎಂದು ಬಂದವರು ನಮ್ಮನ್ನು ಕೇಳುತ್ತಿದ್ದರು. ನಾವು ಉತ್ತರ ಹೇಳುವ ಮುನ್ನವೇ ದೊಡ್ಡಮ್ಮನವರು, "ಕೂತು ನೋಡಿದ್ದೇನಮ್ಮ, ಸಾಕು" ಎಂದುಬಿಡುವರು. ಹಿರಿಯರಿಗೆ ನೀರು ತಂದು ಕೊಡುವ ಕೈ ಒಳ್ಳೆಯದು. ಅವರೇ ಎದ್ದು ನೀರಿನ ಬಳಿಗೆ ಹೋಗುವಾಗ ಜೊತೆಯಲ್ಲಿ ನಡೆಯುವ ಕೈ ಅದಕ್ಕಿಂತಲೂ ಒಳ್ಳೆಯದೆಂಬುದು ನಮ್ಮ ಅನುಭವ.